ಯಾರೂ ಹಿಡಿಯದ ಶಟ್ಟೆಪ್ಪ

ರಾಮದುರ್ಗದ ಕಬಡ್ಡಿ ತಂಡ ಹುಟ್ಟಿದ್ದು ಹಟದಿಂದ. ಎಪ್ಪತ್ತೊಂದನೆಯ ಇಸವಿಯ ಸುಗ್ಗಿಯಲ್ಲಿ ಯರಗಟ್ಟಿಯ ವ್ಯಾಪಾರಿಯೊಬ್ಬ ಊರಿನ ಹತ್ತಿ ದಲಾಲಿ ಶಂಕರೆಪ್ಪನವರ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ, "ನಿಮ್ಮೂರಾಗ ತಕ್ಕಡಿ ಹಿಡಿಯೋ ಕೈ ಭಾಳ ಅದಾವ್ರಿ, ಓಡೋ ಕಾಲು ಒಂದೂ ಇಲ್ಲ" ಎಂದು ನಕ್ಕ. ಆ ವರ್ಷ ಯರಗಟ್ಟಿಯವರು ಸುತ್ತಲಿನ ಪಂದ್ಯಗಳನ್ನೆಲ್ಲ ಗೆದ್ದು ಬೀಗುತ್ತಿದ್ದರು. ಶಂಕರೆಪ್ಪನವರು ತಮ್ಮ ಚಹಾವನ್ನು ಅರ್ಧಕ್ಕೇ ಕೆಳಗಿಟ್ಟರು. ತಿಂಗಳು ಕಳೆಯುವುದರೊಳಗೆ ಶಾಲೆಯ ಹಿಂದಿನ ಬಯಲು ಹಸನಾಗಿ, ಸುಣ್ಣದ ಗೆರೆ ಬಿದ್ದು, ಮಲಪ್ರಭಾ ತರುಣ ಸಂಘ ಎಂಬ ಹೆಸರಿನ ತಂಡವೊಂದು ಸಿದ್ಧವಾಯಿತು.

ಸಿದ್ಧವಾದದ್ದು ಅಂಗಿ ಚಡ್ಡಿ ಮಾತ್ರ. ಆಡುವವರೆಲ್ಲ ಹೊಲಮನೆ ಇದ್ದವರ, ಅಂಗಡಿ ಇದ್ದವರ ಮಕ್ಕಳು. ನಾಯಕ ಮಡಿವಾಳೆಪ್ಪ ಒಳ್ಳೆಯ ಹುಡುಗ, ಹಿಡಿದರೆ ಉಡದ ಪಟ್ಟು. ಆದರೆ ಹಿಡಿಯುವವರಷ್ಟೇ ಇದ್ದರೆ ಕಬಡ್ಡಿ ನಡೆಯುವುದಿಲ್ಲ, ಎದುರಾಳಿಯ ಅಂಗಳಕ್ಕೆ ನುಗ್ಗಿ ಬರುವವನೊಬ್ಬ ಬೇಕು. ಅಂಥವನು ಇರಲಿಲ್ಲ. ಕಟಕೋಳದಲ್ಲಿ ಸೋತರು, ಬೈಲಹೊಂಗಲದಲ್ಲಿ ಸೋತರು, ಕಿತ್ತೂರಿನಲ್ಲಿ ಮಳೆ ಬಂದು ಪಂದ್ಯ ನಿಂತಿದ್ದರಿಂದ ಸೋಲಲಿಲ್ಲ. ರಾಮದುರ್ಗದವರು ಬಂದರೆ ಅವರ ಊಟದ ಚಿಂತೆಯೊಂದೇ, ಆಟದ ಚಿಂತೆ ಇಲ್ಲ ಎಂದು ಸವದತ್ತಿಯ ಕಡೆ ಚೇಷ್ಟೆ ಮಾಡುತ್ತಿದ್ದರು.

ಶಟ್ಟೆಪ್ಪ ಈ ತಂಡಕ್ಕೆ ಸೇರಿದ್ದು ಆಮೇಲೆ. ಹೊಳೆಯ ಉಸುಕು ಅಗೆದು ಗಾಡಿಗೆ ಹೇರುವುದು ಅವನ ಕೆಲಸ. ತಾಯಿ ಕೆಂಪವ್ವನೂ ಬುಟ್ಟಿ ಹೊತ್ತು ಅವನ ಜೊತೆಯಲ್ಲೇ ದುಡಿಯುತ್ತಿದ್ದಳು. ಅವರದು ಹೊಳೆಯ ದಾರಿಯ ಕೆಳಗಿನ ಕೇರಿ, ಊರ ಬಾವಿಗೆ ಕೊಡ ಇಳಿಸಲಾಗದ ಕೇರಿ. ಹಾಗೆ ತಡೆಯಬಾರದೆಂದು ಕಾಯ್ದೆ ಬಂದು ಎಷ್ಟೋ ಕಾಲವಾಗಿತ್ತು. ಆದರೆ ಬಾವಿಯ ಹಗ್ಗ ಹಳೆಯ ಕೈಗಳಲ್ಲೇ ಇತ್ತು. ಹುಟ್ಟಿದಾಗಿನಿಂದ ಉಸುಕಿನಲ್ಲಿ ಓಡಿ ಶಟ್ಟೆಪ್ಪನ ಮೀನಖಂಡಗಳು ಹುರಿಗಟ್ಟಿದ್ದವು. ಸಂಜೆ ಕೆಲಸ ಮುಗಿಸಿ ಬಯಲಿನ ಅಂಚಿನ ಬೇವಿನ ಮರದ ಕೆಳಗೆ ನಿಂತು ಆಟ ನೋಡುವುದು ಅವನಿಗೆ ಚಟವಾಗಿತ್ತು. ನೋಡಬಾರದೆಂದು ಯಾರೂ ಅಂದಿರಲಿಲ್ಲ, ಅಷ್ಟರಮಟ್ಟಿಗೆ ಊರು ಸುಧಾರಿಸಿತ್ತು.

ಒಂದು ಸಂಜೆ ಆಟಗಾರನೊಬ್ಬ ಕಾಲು ಉಳುಕಿಸಿಕೊಂಡ. ಶಂಕರೆಪ್ಪನವರು ಚೇಷ್ಟೆಗೆಂದೇ, "ಏ ಶಟ್ಟೆಪ್ಪ, ದಿನಾ ನೋಡತೀಯಲ್ಲ, ಒಂದು ಸಲ ಹೋಗಿ ಬಾ ನೋಡೋಣು" ಎಂದರು. ಶಟ್ಟೆಪ್ಪ ಗೆರೆಯ ಹತ್ತಿರ ಬಂದು ನೆಲ ಮುಟ್ಟಿ ಹಣೆಗೊತ್ತಿಕೊಂಡು, ಕಬಡ್ಡಿ ಕಬಡ್ಡಿ ಎನ್ನುತ್ತ ಒಳನುಗ್ಗಿದ. ಎದುರು ನಿಂತವರು ಚದುರಿ ಹಿಂದೆ ಸರಿದರು. ಒಬ್ಬ ಹಿಂದಿನ ಗೆರೆಯನ್ನೇ ದಾಟಿಬಿಟ್ಟ. ಶಟ್ಟೆಪ್ಪ ಮೂವರನ್ನು ಬೆರಳ ತುದಿಯಿಂದ ತಟ್ಟಿ, ಉಸಿರು ಮುರಿಯದೆ ತನ್ನ ಅಂಗಳಕ್ಕೆ ಮರಳಿದ. ಮೈಮೇಲೆ ಒಂದು ಕೈ ಬಿದ್ದಿರಲಿಲ್ಲ.

ಶಂಕರೆಪ್ಪನವರು ವೀಳ್ಯದೆಲೆ ಬಾಯಿಗೆ ಹಾಕುವುದನ್ನು ಮರೆತು ಕುಳಿತಿದ್ದರು. ವ್ಯಾಪಾರಿಗೆ ಕಣ್ಣೇ ತಕ್ಕಡಿ. ಓಡಿದವರು ಶಟ್ಟೆಪ್ಪನ ಕಾಲಿಗೆ ಹೆದರಿ ಓಡಿದರೋ, ಮೈಗೆ ಹೇಸಿ ಓಡಿದರೋ ಅವರಿಗೆ ಆ ಕ್ಷಣದಲ್ಲೇ ತಿಳಿಯಿತು. ಬೇರೆ ಯಾರಿಗಾದರೂ ನಾಚಿಕೆಯಾಗುತ್ತಿತ್ತು. ಅವರಿಗೆ ಯರಗಟ್ಟಿಯ ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಢಾಲು ಕಣ್ಣ ಮುಂದೆ ಬಂತು.

"ನಾಳಿಂದ ಬಾ" ಎಂದರು. "ಕಣದಾಗ ಜಾತಿ ಇಲ್ಲ ತಮ್ಮಾ. ಗೆರಿ ದಾಟಿದ ಮ್ಯಾಲೆ ಕಾಲಿನ ಮಾತು ಒಂದ."

ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ. ಆದರೆ ಶಟ್ಟೆಪ್ಪನಿಗೆ ಕೇಳಿಸಿದ್ದು ಬಾಯಿಯ ಮಾತು. ಅದನ್ನು ಅವನು ತಾಯಿತದಂತೆ ಕಟ್ಟಿಕೊಂಡ. ಊರಿನಲ್ಲಿ ಏನಿದ್ದರೂ ಇರಲಿ, ಆ ನಾಲ್ಕು ಸುಣ್ಣದ ಗೆರೆಗಳ ನಡುವೆ ತಾನು ಬರೀ ಒಬ್ಬ ಆಟಗಾರ, ಗೆದ್ದರೆ ತನ್ನ ಕಾಲಿನಿಂದ ಗೆದ್ದೆ ಎಂಬ ನಂಬಿಕೆ ಅವನಿಗೆ ಹೊಟ್ಟೆ ತುಂಬಿದಷ್ಟು ಸುಖ ಕೊಟ್ಟಿತು. ಅವನಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಇರಲಿಲ್ಲ.

ತಂಡಕ್ಕೆ ಒಂದು ಹೊಸ ಪದ್ಧತಿ ಬಂತು. ಪರವೂರಿಗೆ ಹೋದಾಗ, ಆಟ ಶುರುವಾಗುವ ಮೊದಲು, ಎದುರಾಳಿಗಳ ಡೇರೆಯ ಮುಂದೆಯೇ ಶಟ್ಟೆಪ್ಪನನ್ನು ಕೂರಿಸಿ ನೀರು ಕುಡಿಸುವುದು. ಅವನು ಮೊಣಕಾಲೂರಿ ಬೊಗಸೆ ಒಡ್ಡಬೇಕು, ಶಂಕರೆಪ್ಪನವರು ಎತ್ತರದಿಂದ ತಂಬಿಗೆ ಬಾಗಿಸಬೇಕು. ಅಷ್ಟು ಕಂಡರೆ ಸಾಕು, ಯಾವ ಊರಿನವರಿಗೂ ಬೇರೆ ಪರಿಚಯ ಬೇಕಾಗುತ್ತಿರಲಿಲ್ಲ. ಶಟ್ಟೆಪ್ಪ ಮಾತ್ರ ಅದನ್ನು ಧಣಿಗಳ ಆಶೀರ್ವಾದವೆಂದು ತಿಳಿದಿದ್ದ. "ಧಣ್ಯಾರ ಕೈಯಿಂದ ನೀರು ಕುಡದ ಹೋದರ ಗೆಲುವು ತಪ್ಪಾಂಗಿಲ್ಲ ನೋಡು" ಎಂದು ತಾಯಿಗೆ ಹೇಳುತ್ತಿದ್ದ. ಬೊಗಸೆಯಲ್ಲಿ ನೀರು ಕುಡಿಯುವುದು ಅವನಿಗೆ ಹೊಸದಲ್ಲ, ಅದರಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ.

ಎದುರಾಳಿ ಒಳಗೆ ಬಂದಾಗ ತಂಡದವರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಕಟ್ಟಿ ನಿಲ್ಲುತ್ತಾರೆ. ಶಟ್ಟೆಪ್ಪನನ್ನು ಮೂಲೆಯಲ್ಲಿ ಒಬ್ಬನೇ ನಿಲ್ಲಿಸುತ್ತಿದ್ದರು. "ನೀ ಒಬ್ಬನ ಒಂದು ಸರಪಳಿ" ಎಂದು ಶಂಕರೆಪ್ಪನವರು ಬೆನ್ನು ತಟ್ಟುವಂತೆ ಮಾತಾಡುತ್ತಿದ್ದರು, ಬೆನ್ನು ತಟ್ಟಿದ್ದಿಲ್ಲ. ಊರಿನಲ್ಲಿ ಅಭ್ಯಾಸಕ್ಕೆಂದು ಆಡುವ ರೂಢಿಯ ಆಟದಲ್ಲೂ ಅವನನ್ನು ಯಾರೂ ಹಿಡಿಯುತ್ತಿರಲಿಲ್ಲ. ಬಂಗಾರದಂಥ ಕಾಲು, ಉಳುಕಿದರೆ ಗತಿಯೇನು ಎಂಬುದು ಅದಕ್ಕೆ ಕೊಟ್ಟ ಕಾರಣ.

ತಂಡ ಗೆಲ್ಲತೊಡಗಿತು. ಕಟಕೋಳ ಬಿತ್ತು, ಬೈಲಹೊಂಗಲ ಬಿತ್ತು, ಯರಗಟ್ಟಿಯ ಢಾಲು ಬಂದು ಶಂಕರೆಪ್ಪನವರ ಅಂಗಡಿಯ ಗೋಡೆ ಏರಿತು. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ನಮ್ಮಲ್ಲಿ ಎಂದು ಕೊರತೆ? ಊರಿಗೆ ಊರೇ ಲಾರಿ ಹತ್ತಿ ಪಂದ್ಯಕ್ಕೆ ಹೋಗುತ್ತಿತ್ತು. ಗಾಳಿ ಶಟ್ಟೆಪ್ಪ ಎಂದು ಹೆಸರಾಯಿತು. ಕಿತ್ತೂರಿನಲ್ಲಿ ಒಬ್ಬ ಹೊಸ ಹುಡುಗ ಆವೇಶದಲ್ಲಿ ಅವನ ಕಾಲಿಗೆ ಕೈ ಹಾಕಿದ್ದ. ಆ ಹುಡುಗನ ಕಡೆಯವರೇ "ಬಿಡಲೇ, ಬಿಡು" ಎಂದು ಚೀರಿ ಬಿಡಿಸಿದರು. ಶಟ್ಟೆಪ್ಪ ಮಾತ್ರ ತಾನೇ ಕೊಸರಿಕೊಂಡು ಬಂದೆನೆಂದು ವರ್ಷಗಟ್ಟಲೆ ಕೇರಿಯಲ್ಲಿ ಹೇಳಿಕೊಂಡ. ಸೋತ ಊರಿನವರು ಆಟ ಮುಗಿದದ್ದೇ ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಧೂಳು ತೊಳೆಯುತ್ತಾರೆ ಎಂದುಕೊಂಡ ಶಟ್ಟೆಪ್ಪ.

ಇಷ್ಟು ಕಂಡೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬೇಕಾಗುತ್ತದೆ, ಆ ಅಂಗೈಯನ್ನು ನೋಡಬಾರದೆಂದು ಮನಸ್ಸು ಮುಚ್ಚಿ ಹಿಡಿದಿದ್ದರೆ. ಕೆಂಪವ್ವನಿಗೆ ಮಾತ್ರ ಮೊದಲ ದಿನವೇ ಗೊತ್ತಾಗಿತ್ತು.

"ಇವತ್ತೂ ಯಾರೂ ಹಿಡೀಲಿಲ್ಲೇನ?" ಎಂದು ಅವಳು ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು.

"ಗಾಳೀನ ಯಾರ ಹಿಡೀತಾರ್ಬೇ?" ಎಂದು ಅವನು ನಗುತ್ತಿದ್ದ.

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ ಮುಖ ತಿರುಗಿಸುತ್ತಿದ್ದಳು. ಮಗನ ಸಂತೋಷಕ್ಕೆ ಕಲ್ಲು ಹಾಕಲು ಅವಳ ಕೈ ಬರಲಿಲ್ಲ.

ಎಪ್ಪತ್ತಾರರ ಸುಗ್ಗಿ ಮುಗಿದ ಮೇಲೆ ಸವದತ್ತಿಯಲ್ಲಿ ದೊಡ್ಡ ಪಂದ್ಯಾವಳಿ ನಡೆಯಿತು. ಹುಬ್ಬಳ್ಳಿಯ ಒಂದು ಗಿರಣಿಯ ತಂಡಕ್ಕೆ ಆಟಗಾರರನ್ನು ಹುಡುಕುತ್ತ ಉಳವಪ್ಪ ಎಂಬ ತರಬೇತುದಾರ ಅಲ್ಲಿಗೆ ಬಂದ. ಬಸ್ಸು ತಡವಾಗಿ, ನೀರು ಕುಡಿಸುವ ಶಾಸ್ತ್ರ ಮುಗಿದ ಮೇಲೆ ಬಂದದ್ದರಿಂದ ಅವನು ಕಂಡದ್ದು ಶಟ್ಟೆಪ್ಪನ ಕಾಲುಗಳನ್ನು ಮಾತ್ರ. ಆಟ ಮುಗಿದ ಮೇಲೆ ನೇರವಾಗಿ ಅವನ ಬಳಿಗೇ ಹೋದ.

"ಹುಬ್ಬಳ್ಳಿಗೆ ಬಾ. ಆರಿಸಿದರ ಗಿರಣ್ಯಾಗ ಕಾಯಂ ನೌಕರಿ, ಇರಾಕ ಒಂದು ಕೋಲಿ. ಮನ್ಯಾಗ ಯಾರ್ಯಾರು ಅದಾರ?"

"ಅವ್ವ ಒಬ್ಬಾಕಿ ಅದಾಳ್ರಿ."

"ಅವ್ವನ್ನೂ ಕರಕೊಂಡ ಬಾ."

ಶಟ್ಟೆಪ್ಪ ಆ ರಾತ್ರಿ ಊಟ ಮಾಡಲಿಲ್ಲ. ನಲ್ಲಿ ಇರುವ ಕೋಣೆ, ಯಾರ ತಂಬಿಗೆಯೂ ಬಾಗಬೇಕಾಗಿಲ್ಲದ ನೀರು, ಉಸುಕಿನ ಬುಟ್ಟಿ ಇಳಿಸಿದ ತಾಯಿಯ ತಲೆ, ಇವನ್ನೇ ನೆನೆಯುತ್ತ ಮಲಗಿದ.

ಹುಬ್ಬಳ್ಳಿಯ ಕಣದಲ್ಲಿ ಎಲ್ಲಿಂದೆಲ್ಲಿಂದಲೋ ಬಂದ ಹುಡುಗರಿದ್ದರು. ಯಾರು ಯಾರ ಮಗನೆಂದು ಯಾರೂ ಕೇಳಲಿಲ್ಲ. ಬನಿಯನ್ನಿನ ಬೆನ್ನಿಗೆ ಒಂದು ಅಂಕಿ ಬರೆದರು, ಅಷ್ಟೇ ಗುರುತು. ಶಟ್ಟೆಪ್ಪ ನೆಲ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ನುಗ್ಗಿದ. ಒಬ್ಬನನ್ನು ತಟ್ಟಿ ತಿರುಗುವಷ್ಟರಲ್ಲಿ ಎಡಗಾಲಿನ ಹರಡಿಗೆ ಒಂದು ಕೈ ಬಿತ್ತು. ಹಿಂದೆಯೇ ಸೊಂಟವನ್ನು ಎರಡು ತೋಳು ಸುತ್ತಿದವು, ಹೆಗಲ ಮೇಲೆ ಇನ್ನೊಬ್ಬನ ಎದೆ ಒರಗಿತು. ಶಟ್ಟೆಪ್ಪನ ಬಾಯಿಯಲ್ಲಿದ್ದ ಕಬಡ್ಡಿ ನಿಂತುಹೋಯಿತು. ಉಸಿರು ಮುಗಿದು ನಿಂತದ್ದಲ್ಲ, ಬೆರಗಿನಿಂದ ನಿಂತದ್ದು. ಇಪ್ಪತ್ತೈದು ದಾಟಿದ ಆ ಮೈಯನ್ನು ಕೇರಿಯ ಹೊರಗಿನವರು ಯಾರೂ ಹಾಗೆ ಹಿಡಿದಿರಲಿಲ್ಲ. ಕೊಸರಬೇಕು, ಗೆರೆಯ ಕಡೆಗೆ ಕೈ ಚಾಚಬೇಕು ಎಂಬುದೇ ಹೊಳೆಯದೆ ಅವನು ಆ ತೋಳುಗಳ ನಡುವೆ ಸುಮ್ಮನೆ ಬಿದ್ದುಕೊಂಡ.

ಹಿಡಿದ ಹುಡುಗನೇ ಎಬ್ಬಿಸಿ ಬೆನ್ನಿನ ಮಣ್ಣು ಕೊಡವಿದ. ತಾನು ಅರ್ಧ ಕುಡಿದ ನೀರಿನ ಲೋಟವನ್ನು "ತಗೋರಿ" ಎಂದು ಕೊಟ್ಟ. ಶಟ್ಟೆಪ್ಪ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ಹಚ್ಚಿ ಕುಡಿದ.

ಎರಡನೆಯ ಸಲ ಹೋದ, ಹಿಡಿದರು. ಆಮೇಲೆ ಹೋದಷ್ಟು ಸಲವೂ ಹಿಡಿದರು. ಉಳವಪ್ಪ ಅವನನ್ನು ಪಕ್ಕಕ್ಕೆ ಕರೆದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು.

"ಕಾಲು ಬಂಗಾರದಂಥಾವು ಅದಾವ. ಹಿಡದ ಕೂಡ್ಲೆ ಸತ್ತಾಂಗ ಬೀಳ್ತಿಯಲ್ಲೋ ತಮ್ಮಾ. ರೂಢಿ ಆಡುವಾಗ ನಿಮ್ಮ ಹುಡುಗರು ನಿನ್ನ ಹಿಡಿಯೂದಿಲ್ಲೇನು?"

ಶಟ್ಟೆಪ್ಪ ಮುಚ್ಚಿ ಹಿಡಿದಿದ್ದ ಅಂಗೈ ಆ ಒಂದು ಮಾತಿಗೆ ಬಿಚ್ಚಿಕೊಂಡಿತು. ಡೇರೆಯ ಮುಂದಿನ ತಂಬಿಗೆ, ಕಿತ್ತೂರಿನ ಚೀರಾಟ, ಬಾವಿಯ ಸುತ್ತ ತೊಯ್ದ ತಲೆಗಳು, ಮೂಲೆಯ ಒಂಟಿ ಜಾಗ, ಎಲ್ಲ ಸಾಲಾಗಿ ಬಂದು ನಿಂತವು. ಇಷ್ಟು ವರ್ಷ ಗೆದ್ದದ್ದು ತನ್ನ ಕಾಲಲ್ಲ. ತನ್ನನ್ನು ಊರ ಕೆಳಗಿಟ್ಟಿದ್ದ ಆ ಹೇಸಿಗೆಯೇ ತನ್ನ ಹೆಸರಿನಲ್ಲಿ ಗೆದ್ದು ಢಾಲು ತಂದಿತ್ತು. ನಾಚಿಕೆಯಿಂದ ಅವನಿಗೆ ನೆಲ ಬಾಯಿ ತೆರೆಯಬಾರದೇ ಅನಿಸಿತು. ನಾಚಿಕೆ ಯಾರಿಗೆ ಆಗಬೇಕಿತ್ತೋ ಅವರೆಲ್ಲ ರಾಮದುರ್ಗದಲ್ಲಿ ಆರಾಮವಾಗಿ ಊಟ ಮಾಡಿ ಮಲಗಿದ್ದರು.

"ಒಂದು ಜಾಗಾ ಖಾಲಿ ಇಟ್ಟಿರತೇನಿ" ಎಂದ ಉಳವಪ್ಪ. "ಮಿರಗದ ಮಳಿ ಬೀಳೂದರೊಳಗ ಪಟ್ಟು ಬಿಡಿಸ್ಕೊಳ್ಳೂದು ಕಲತ ಬಾ. ದೊಡ್ಡ ವಿದ್ಯಾ ಏನಲ್ಲ. ದಿನಾ ಯಾರರ ನಿನ್ನ ಹಿಡೀಬೇಕು, ಅಷ್ಟ."

ಅಷ್ಟೇ. ಯಾರಾದರೂ ಹಿಡಿಯಬೇಕು. ಊರಿಗೆ ಮರಳಿದವನು ಮರುದಿನವೇ ಅಡತಿ ಅಂಗಡಿಯ ಕಟ್ಟೆಯ ಕೆಳಗೆ ನಿಂತ.

"ನನ್ನ ಹಿಡಿಯಾಕ ಹುಡುಗರಿಗೆ ಹೇಳ್ರಿ ಧಣೇರ."

ಶಂಕರೆಪ್ಪನವರು ಹತ್ತಿಯ ಎಳೆಯನ್ನು ಬೆರಳಲ್ಲಿ ಹಿಂಜುತ್ತಿದ್ದರು. "ಯಾಕೋ, ಚಲೋತ್ನಾಗಿ ನಡದೈತೆಲ್ಲ. ಹಿಡೀತಾರ ಅನ್ನೂದು ಒಮ್ಮೆ ಹೊರಗ ಗೊತ್ತಾತಂದರ ನಾಳೆ ಯರಗಟ್ಟ್ಯಾವರೂ ಹಿಡೀತಾರ. ಆಮ್ಯಾಲೆ ನೀನೂ ಇಲ್ಲ, ತಂಡಾನೂ ಇಲ್ಲ."

"ಕಣದಾಗ ಜಾತಿ ಇಲ್ಲ ಅಂದಿದ್ರಿ."

"ಕಣದಾಗ ಇಲ್ಲೋ. ಕಣದಿಂದ ಮನಿಗೆ ಹೋಗಬೇಕಲ್ಲ ಅವರು" ಎಂದರು ಶಂಕರೆಪ್ಪನವರು, ಬಹಳ ನ್ಯಾಯವಾದ ಮಾತು ಹೇಳಿದವರಂತೆ.

ಕೇರಿಯಲ್ಲಿ ಕೇಳಿದ. ಸೋದರಮಾವ ಜಟ್ಟೆಪ್ಪನೂ ಇನ್ನಿಬ್ಬರೂ ಉಸುಕಿನಲ್ಲಿ ಅವನನ್ನು ಹಿಡಿದರು, ಹಗ್ಗ ಹರಿದ ಕರುವನ್ನು ಹಿಡಿಯುವ ಹಾಗೆ. "ಹಿಡ್ಯಾಕ ಬರ್ತೈತಪ್ಪ, ಪಟ್ಟು ಬರೂದಿಲ್ಲ. ನಮ್ಮನ್ನ ಆ ಬಯಲಿಗೆ ಯಾರ ಬಿಟ್ಟಾರು?" ಎಂದ ಜಟ್ಟೆಪ್ಪ. ನಿಜ. ಕಾಲಿನ ಹರಡು ಹಿಡಿದು ಕೆಡಹುವುದು, ಸೊಂಟಕ್ಕೆ ಬೀಳುವುದು, ಸರಪಳಿ ಮುಚ್ಚುವುದು, ಇವು ಗೊತ್ತಿದ್ದವರು ತಂಡದ ಹುಡುಗರು ಮಾತ್ರ.

ಉಳಿದವನು ಮಡಿವಾಳೆಪ್ಪ. ನಾಯಕ, ಒಳ್ಳೆಯ ಹುಡುಗ ಎಂದೆನಲ್ಲ, ಅವನು ಒಪ್ಪಿಕೊಂಡ. ಮನೆಯಲ್ಲಿ ಗೊತ್ತಾಗಬಾರದೆಂದು ಬೆಳಕು ಹರಿಯುವ ಹೊತ್ತಿಗೆ ಹೊಳೆಯ ಉಸುಕಿಗೆ ಬಂದ. ಶಟ್ಟೆಪ್ಪ ಕಾಲಿನಿಂದ ಗೆರೆ ಎಳೆದು, ಕಬಡ್ಡಿ ಎನ್ನುತ್ತ ಅವನ ಮೇಲೆ ಹೋದ. ಮಡಿವಾಳೆಪ್ಪ ತೋಳು ತೆರೆದ. ಶಟ್ಟೆಪ್ಪ ತೀರ ಸಮೀಪಕ್ಕೆ ಬಂದಾಗ ಮಡಿವಾಳೆಪ್ಪನ ಕಾಲು ತಾನಾಗಿ ಹಿಂದೆ ಹೋಯಿತು.

"ತಪ್ಪಿತು, ಇನ್ನೊಮ್ಮೆ ಬಾ" ಎಂದ.

ಇನ್ನೊಮ್ಮೆ ಬಂದ. ತೋಳು ಮತ್ತೆ ತೆರೆದವು, ಮುಚ್ಚಲಿಲ್ಲ. ಶಟ್ಟೆಪ್ಪ ಓಡುವುದನ್ನು ಬಿಟ್ಟು ಅವನೆದುರು ಸುಮ್ಮನೆ ನಿಂತ. "ಹಿಡೀರಿ. ನಾ ಓಡಾಂಗಿಲ್ಲ" ಎಂದ. ಮಡಿವಾಳೆಪ್ಪನ ಹಣೆಯಲ್ಲಿ ಬೆವರು ಮೂಡಿತ್ತು. ಮನಸ್ಸಿತ್ತು, ಸುಳ್ಳು ಹೇಳಬಾರದು. ಆದರೆ ಹಾಲು ಕುಡಿಯುವಾಗಲೇ ಕಲಿತ ಪಾಠವನ್ನು ಕೈ ಮರೆಯಲೊಲ್ಲದು.

"ಕೈ ಏಳವಲ್ಲದೋ ಶಟ್ಟೆಪ್ಪ" ಎಂದು ಉಸುಕಿನಲ್ಲಿ ಕುಸಿದು ಕುಳಿತು ಅತ್ತ.

ಅತ್ತದ್ದು ನಿಜ. ಅತ್ತು ಮುಗಿಸಿ, ಮನೆಗೆ ಹೋಗುವ ಮೊದಲು ಹೊಳೆಗಿಳಿದು ತಲೆಯ ಮೇಲೆ ನೀರು ಹಾಕಿಕೊಂಡದ್ದೂ ನಿಜ. ಒಂದು ಬೆರಳು ಸಹ ಮುಟ್ಟಿರಲಿಲ್ಲ. ಶಟ್ಟೆಪ್ಪ ದಂಡೆಯಲ್ಲಿ ನಿಂತು ಅದನ್ನು ನೋಡಿದ.

ಮಿರಗಕ್ಕೆ, ಅಂದರೆ ಮೃಗಶಿರೆಯ ಮಳೆಗೆ, ಇನ್ನು ಕೆಲವೇ ದಿನ ಇರುವಾಗ ಯರಗಟ್ಟಿಯಲ್ಲಿ ಪಂದ್ಯವಿತ್ತು. ಲಾರಿ ತುಂಬ ಜನ ಹೋದರು. ಆಟಕ್ಕೆ ಮೊದಲು ಶಂಕರೆಪ್ಪನವರು ತಂಬಿಗೆ ಹಿಡಿದು ಬಂದರು.

"ಇವತ್ತ ನೀರು ಬ್ಯಾಡ್ರಿ" ಎಂದ ಶಟ್ಟೆಪ್ಪ.

ಅವನು ಯಾರೆಂದು ಯರಗಟ್ಟಿಯವರಿಗೆ ಇನ್ನು ನೀರು ಕುಡಿಸಿ ತೋರಿಸಬೇಕಾದ ಅಗತ್ಯವೂ ಇರಲಿಲ್ಲ. ಆಟ ಸಮಸಮವಾಗಿ ನಡೆದು ಕೊನೆಯ ಸರದಿ ಶಟ್ಟೆಪ್ಪನಿಗೆ ಬಂತು. ಒಬ್ಬನನ್ನು ತಟ್ಟಿ ಬಂದರೆ ಢಾಲು ರಾಮದುರ್ಗದ್ದು. ಅವನು ನಡುಗೆರೆ ದಾಟಿ, ಕಬಡ್ಡಿ ಕಬಡ್ಡಿ ಎನ್ನುತ್ತ ಅವರ ಅಂಗಳದ ನಟ್ಟನಡುವೆ ಹೋಗಿ ನಿಂತ. ಕೈಗಳನ್ನು ಎರಡೂ ಕಡೆಗೆ ಚಾಚಿದ. ಯಾರನ್ನೂ ಬೆನ್ನಟ್ಟಲಿಲ್ಲ. ಎದುರಾಳಿಗಳು ಹಿಂದಿನ ಗೆರೆಯವರೆಗೆ ಸರಿದು, ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಶಟ್ಟೆಪ್ಪ ಮುಂದೆ ಹೆಜ್ಜೆ ಇಟ್ಟು ಒಬ್ಬನನ್ನು ಮುಟ್ಟಿದರೆ ಸಾಕಿತ್ತು.

"ಹೊಡಿಯೋ, ಮುಟ್ಟೋ" ಎಂದು ರಾಮದುರ್ಗದವರು ಕೂಗಿದರು. ಶಟ್ಟೆಪ್ಪ ಕದಲಲಿಲ್ಲ. ಕಬಡ್ಡಿ ಎನ್ನುತ್ತ ಎದುರಿನ ಒಬ್ಬೊಬ್ಬನ ಮುಖವನ್ನೂ ನೋಡಿದ. ಅವರಲ್ಲಿ ಕೆಲವರು ನೆಲ ನೋಡಿದರು. ಕೂಗು ಮೆಲ್ಲನೆ ಇಳಿಯಿತು, ಬಯಲಿನಲ್ಲಿ ಅವನ ದನಿಯೊಂದೇ ಉಳಿಯಿತು. ಅದೂ ಸಣ್ಣದಾಗುತ್ತ, ಗೊಗ್ಗರಾಗುತ್ತ ಹೋಯಿತು. ಯಾವ ಕೈಯೂ ಮುಂದೆ ಬರಲಿಲ್ಲ. ಕೊನೆಗೆ ಉಸಿರು ಮುಗಿದು, ಚಾಚಿದ ತೋಳು ಚಾಚಿದಂತೆಯೇ ಅವನು ಬಾಯಿ ತೆರೆದು ನಿಂತ. ಪಂಚರು ಸೀಟಿ ಊದಿದರು. ರಾಮದುರ್ಗ ಸೋತಿತು.

ಸೋಲಿನ ಸಿಟ್ಟೆಲ್ಲ ಶಟ್ಟೆಪ್ಪನ ಮೇಲೆ ಬಂತು, ಬೇರೆ ಎಲ್ಲಿ ಬರಬೇಕು? ಲಾರಿಗೆ ಅವನನ್ನು ಹತ್ತಿಸಿಕೊಳ್ಳಲಿಲ್ಲ. ಅವನಿಲ್ಲದೆ ತಂಡ ಮುಂದೆ ಎರಡು ಸುಗ್ಗಿ ಸೋತು, ಆಮೇಲೆ ಆಡುವುದನ್ನೇ ಬಿಟ್ಟಿತು. ಶಾಲೆಯ ಹಿಂದಿನ ಬಯಲಿನಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಒಟ್ಟಿದರು. ಢಾಲುಗಳು ಶಂಕರೆಪ್ಪನವರ ಗೋಡೆಯ ಮೇಲೆ ಉಳಿದವು. ಯಾರಾದರೂ ಕೇಳಿದರೆ ಅವರು ಮಡಿವಾಳೆಪ್ಪನ ಪಟ್ಟಿನ ಕತೆ ಹೇಳುತ್ತಿದ್ದರು.

ಯರಗಟ್ಟಿಯ ಪಂದ್ಯದ ಮರುವಾರ ಮಿರಗದ ಮೋಡ ಕವಿಯಿತು. ಹೊಳೆ ಏರುವ ಮೊದಲು ಉಸುಕು ತೆಗೆಯಬೇಕೆಂದು ಗಾಡಿಗಳು ಸಾಲುಗಟ್ಟಿದ್ದವು. ಹುಬ್ಬಳ್ಳಿಯ ಬಸ್ಸು ಸೇತುವೆಯ ಮೇಲೆ ಹಾದು ಹೋದದ್ದನ್ನು ಕೆಂಪವ್ವ ನೋಡಿದಳು.

"ಹುಬ್ಬಳ್ಳಿಗೆ ಹೋಗಾಂಗಿಲ್ಲೇನೋ?"

ಶಟ್ಟೆಪ್ಪ ಸಲಿಕೆ ಊರಿ ನಿಂತ. "ಹೋಗಿ ಏನ ಮಾಡಲೆವ್ವ? ಬಿಡಿಸ್ಕೊಳ್ಳೂದು ಕಲತ ಬಾ ಅಂದಾರ. ಅದನ್ನ ಕಲೀಬೇಕಂದರ ಮೊದಲ ಯಾರರ ಹಿಡೀಬೇಕಲ್ಲ."

ಕೆಂಪವ್ವ ತಲೆಯ ಮೇಲಿನ ಬುಟ್ಟಿಯನ್ನು ಕೆಳಗಿಳಿಸಿ, ಉಸುಕು ಮೆತ್ತಿದ ಎರಡೂ ಕೈಗಳಿಂದ ಮಗನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಗಾಡಿಯವನು ಮಳೆ ಬಂತೆಂದು ಕೂಗಿದ ಮೇಲೆ ಅವಳು ಕೈ ತೆಗೆದಳು, ಇಬ್ಬರೂ ಸೇರಿ ಉಳಿದ ಉಸುಕನ್ನು ಹೇರಿದರು.